ತಟ್ಟೆಗೊಂದು ತೂತು

ನಾಗಪುರದ ವಾಡಿಯಲ್ಲಿ ನಮ್ಮ ಸೋದರಮಾವನ ಗ್ಯಾರೇಜಿದೆ. ಸಂಜೆ ಅಲ್ಲಿ ಲೆಕ್ಕ ಬರೆಯುವವನು ನಾನು. ಎಂಜಿನ್ ಎಣ್ಣೆ ಇಳಿಸಲು ಕೆಳಗೊಂದು ಡ್ರೇನ್ ಬೋಲ್ಟ್ ಇರುತ್ತೆ. ಅನೇಕ ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳ ಎಣ್ಣೆತಟ್ಟೆಗೆ ಅದಿರೋಲ್ಲ. ಸುತ್ತಲಿನ ಬೋಲ್ಟೆಲ್ಲ ಬಿಚ್ಚಿ ತಟ್ಟೆಯನ್ನೇ ಇಳಿಸಬೇಕು. ಕಾವು ಹೆಚ್ಚಿದಷ್ಟೂ ಈ ಎಣ್ಣೆ ಬೇಗ ಕೆಡುತ್ತೆ. ನಮ್ಮೂರ ಬೇಸಿಗೆಯೋ 45 ಡಿಗ್ರಿ ಮುಟ್ಟುವಂಥದು! ಕಳೆದ ಮೇ ತಿಂಗಳಲ್ಲಿ ತಟ್ಟೆ ವಾಲಿ, ಬಿಸಿ ಎಣ್ಣೆ ಸುರಿದು ಮಾವನ ಮುಂಗೈ ಸುಟ್ಟಿತು. ಎರಡು ವಾರ ಕೆಲಸ ನಿಂತು ನನ್ನ ಲೆಕ್ಕದ ಪುಸ್ತಕವೂ ಖಾಲಿ.

ಗೆಳೆಯರೇ, ಉಪಾಯವಿದೆ. ಉಕ್ಕಿನ ತಟ್ಟೆಯಾದರೆ ಕಳಚಿ, ತೀರ ತಗ್ಗಿನಲ್ಲಿ ತೂತು ಕೊರೆದು, ನಟ್ ವೆಲ್ಡ್ ಮಾಡಿ, ತಾಮ್ರದ ವಾಷರ್ ಸಮೇತ ಬೋಲ್ಟ್ ಬಿಗಿಯೋದು. ನಟ್ಟು ಒಳಗೆ ಫಿಲ್ಟರಿಗೆ ತಾಗಬಾರದು. ಹೊರಗೆ ಜೋತಿದ್ದರೆ ರಸ್ತೆಯುಬ್ಬಿಗೆ ಬಡಿದು ಎಣ್ಣೆ ಸೋರೀತು. ವೆಲ್ಡಿಂಗ್ ಕಾವಿಗೆ ಅಂಚು ಸೊಟ್ಟಗಾದರೆ ಪ್ಯಾಕಿಂಗ್ ಕೂರೋಲ್ಲ. ಕೊರೆದ ಲೋಹದ ಪುಡಿ ಚೂರೂ ಉಳಿಯಕೂಡದು.

ಹೀಗೆ ಮಾಡಿದರೂ ಟಾರ್ಕ್ ಕನ್ವರ್ಟರಿನಲ್ಲಿ ನಿಂತ ಎಣ್ಣೆ ಬರೋದಿಲ್ಲ. ಫಿಲ್ಟರ್ ಬದಲಿಸಲು ತಟ್ಟೆ ಬಿಚ್ಚಲೇಬೇಕು. ಆದರೆ ಆಗ ತಟ್ಟೆ ಬಹುಪಾಲು ಬರಿದಾಗಿರುತ್ತೆ.

ಗಾಯ ಮಾಯ್ದ ಮೇಲೆ ಮಾವ ಅದೇ ಕಾರಿಗೆ ಬೋಲ್ಟ್ ಕೂರಿಸಿದರು. ಖರ್ಚನ್ನು ಗಿರಾಕಿ ಹೆಸರಿಗೆ ಬರೆಯಲಾ ಎಂದು ಕೇಳಿದೆ.

“ಬೇಡ ಕಣೋ, ನನ್ನ ಹೆಸರಿಗೇ ಬರಿ. ಉಳಿಯೋದು ನನ್ನ ಕೈ ತಾನೆ?” ಅಂದರು.