ಕಂಕುಳಿನ ಗಂಟು, ಮನೆಯ ಬಾಗಿಲು

ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಬರುವ ಪ್ಯಾಥಾಲಜಿ ವರದಿಯಲ್ಲಿ '3/14' ಎಂಬಂಥ ಒಂದು ಅಂಕಿ ಇರುತ್ತದೆ. ತಾರೀಖೇನೋ ಅಂದುಕೊಂಡು ಮನೆಯವರು ಮಡಿಸಿ ಇಟ್ಟುಬಿಡುವುದುಂಟು. ಕಂಕುಳಿನಿಂದ ತೆಗೆದ 14 ದುಗ್ಧಗ್ರಂಥಿಗಳಲ್ಲಿ 3ಕ್ಕೆ ರೋಗ ತಲುಪಿದೆ ಎಂದು ಅದರ ಅರ್ಥ.

ಕಂಕುಳಲ್ಲಿ ಗಂಟು ಸಿಕ್ಕರೆ ಲಕ್ಷಣ ಒಳ್ಳೆಯದಲ್ಲ ಎಂದು 18ನೇ ಶತಮಾನದಲ್ಲೇ ಫ್ರಾನ್ಸಿನ ಸರ್ಜನ್ ಲ ದ್ರಾನ್ ಹೇಳಿದ್ದ. ರೋಗ ತಲುಪಿದ ಗ್ರಂಥಿ ಎಷ್ಟು ಎಂದು ಎಣಿಸಿದರೆ ಆಯಸ್ಸಿನ ಅಂದಾಜು ಸಿಗುತ್ತದೆ ಎಂಬುದು ಗಟ್ಟಿಯಾದದ್ದು ಮಾತ್ರ ಕಳೆದ ಶತಮಾನದಲ್ಲಿ, ಅಮೆರಿಕದ ಬರ್ನಾರ್ಡ್ ಫಿಶರ್ ಮತ್ತು ಸಂಗಡಿಗರಿಂದ. ಸೊನ್ನೆ, ಒಂದರಿಂದ ಮೂರು, ನಾಲ್ಕು ಮತ್ತು ಮೇಲೆ: ಎಣಿಕೆ ಏರಿದಂತೆ ಬದುಕುಳಿಯುವವರು ಇಳಿಯುತ್ತಾರೆ.

ಅದು ಅವರ ಊರಿನ ಲೆಕ್ಕ. ಬೆಂಗಳೂರಿನ ಜಯನಗರದ, ಬನಶಂಕರಿಯ ಹೆಂಗಸರ ಲೆಕ್ಕ ಯಾರ ಹತ್ತಿರವಿತ್ತು?

1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ನೋಂದಣಿಯವರು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಕೇಸ್ ಶೀಟ್ ತಿರುವಿ ಬರೆದುಕೊಂಡರು. ರೋಗಿಯ ಹೆಸರು ಸಿಕ್ಕಿತು. ಆಕೆ ಐದು ವರ್ಷದ ಮೇಲೆ ಇದ್ದಾರೋ ಇಲ್ಲವೋ? ಹಲವು ಮುಂದುವರಿದ ದೇಶಗಳಲ್ಲಿ ಮರಣದ ದಾಖಲೆ ನೋಡಿದರೆ ಸಾಕು. ನಮ್ಮಲ್ಲಿ ಎಷ್ಟೋ ಸಾವಿಗೆ ಕಾಯಿಲೆಯ ಹೆಸರೇ ದಾಖಲಾಗುವುದಿಲ್ಲ. ಹಾಗಾಗಿ ಜವಾಬಿ ಕಾಗದ ಹಾಕಬೇಕಾಯಿತು, ಉತ್ತರ ಬಾರದಿದ್ದರೆ ಮನೆಗೇ ಹೋಗಬೇಕಾಯಿತು. ಬೆಂಗಳೂರಿನ ವಿಳಾಸ ಗೊತ್ತಲ್ಲ: ಇಂಥ ಮೇನು, ಇಂಥ ಕ್ರಾಸು, ಗಣಪತಿ ಗುಡಿ ಹಿಂದೆ. ಅಷ್ಟರಲ್ಲಿ ಬಾಡಿಗೆಯವರು ಮನೆ ಖಾಲಿ ಮಾಡಿರುತ್ತಾರೆ. ಸೂಕ್ಷ್ಮದರ್ಶಕದ ಕೆಲಸಕ್ಕಿಂತ ಈ ತಿರುಗಾಟವೇ ಕಷ್ಟದ್ದು ಎಂದು ನನ್ನ ಎಣಿಕೆ.

1982ರಿಂದ 89ರವರೆಗೆ ನೋಂದಾದ ಸಾವಿರದ ಐನೂರಕ್ಕೂ ಹೆಚ್ಚು ಮಹಿಳೆಯರ ಲೆಕ್ಕವನ್ನು ಎ. ನಂದಕುಮಾರ್ ಮತ್ತು ಸಹೋದ್ಯೋಗಿಗಳು 1995ರಲ್ಲಿ ಪ್ರಕಟಿಸಿದರು. ಐದು ವರ್ಷ ದಾಟಿದವರು ಅರ್ಧಕ್ಕಿಂತ ಕಡಿಮೆ. ಯಾರು ದಾಟಿದರು ಎಂಬುದನ್ನು ಎಲ್ಲಕ್ಕಿಂತ ಹೆಚ್ಚಾಗಿ ತೀರ್ಮಾನಿಸಿದ್ದು, ಆಸ್ಪತ್ರೆಯ ಮೆಟ್ಟಿಲು ಹತ್ತಿದ ದಿನ ರೋಗ ಎಲ್ಲಿಯವರೆಗೆ ಹಬ್ಬಿತ್ತು ಎಂಬುದು: ಸ್ತನದಲ್ಲೇ ಇತ್ತೇ, ಕಂಕುಳ ಮುಟ್ಟಿತ್ತೇ, ಅದನ್ನೂ ದಾಟಿತ್ತೇ.

ಸ್ತನದ ಈ ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲವಲ್ಲ ಎಂದು ಹಬ್ಬ, ಮದುವೆ ಮುಗಿಯಲಿ ಅನ್ನುವವರು ನಿಮ್ಮ ಮನೆಯಲ್ಲಿದ್ದರೆ, ಈ ವಾರವೇ ಕರೆದುಕೊಂಡು ಹೋಗಿ ತೋರಿಸಿ.