ಸುಂಕದ ದಾರಿಯ ಲೆಕ್ಕ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಂದಿರುವ ಗಾದೆ. ಸುಂಕದವನಿಗೆ ಬೇಕಾದುದು ಹಣ ಮಾತ್ರ. ಆದರೆ ಯಾವ ರಸ್ತೆಯಲ್ಲಿ ಎಷ್ಟು ಜನ ಹೋಗುವರೆಂದು ಮುಂಚಿತವಾಗಿ ಗಣಿಸುವ ಯೋಜಕನು ಆ ಸುಖದುಃಖವನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಅದು ಹೇಗೆಂಬುದನ್ನು ನಾನು ತಿಳಿದಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ರಸ್ತೆಗಳ ಜಾಲದಲ್ಲಿ ಅತಿ ಹತ್ತಿರದ ಮಾರ್ಗವನ್ನು ಕಂಡುಹಿಡಿಯುವ ಕ್ರಮವೊಂದನ್ನು ಹಾಲೆಂಡಿನ ವಿದ್ವಾಂಸ ಡೈಕ್‌ಸ್ಟ್ರಾ ಅವರು 1959ರಲ್ಲಿ ಪ್ರಕಟಿಸಿದರು. ಪ್ರತಿಯೊಂದು ರಸ್ತೆಗೂ ಒಂದು ಸಂಖ್ಯೆಯನ್ನು ಕೊಟ್ಟರೆ, ಮೊತ್ತವು ಅತಿ ಕಡಿಮೆಯಾಗುವ ಮಾರ್ಗವನ್ನು ಅದು ತೋರಿಸಿಕೊಡುತ್ತದೆ. ತೊಡಕಿರುವುದು ಆ ಸಂಖ್ಯೆಯಲ್ಲಿ. ಪ್ರಯಾಣದ ಕಾಲ ನಿಮಿಷಗಳಲ್ಲಿದೆ, ಸುಂಕ ರೂಪಾಯಿಗಳಲ್ಲಿದೆ. ಸೇರನ್ನೂ ಗಜವನ್ನೂ ಕೂಡಿಸಲಾದೀತೆ? ಆದ್ದರಿಂದ ಪ್ರಯಾಣಿಕನ ಒಂದು ಗಂಟೆಗೆ ಬೆಲೆ ಗೊತ್ತುಮಾಡಿ, ಸುಂಕವನ್ನು ನಿಮಿಷಗಳಾಗಿ ಮಾರ್ಪಡಿಸಿ ಕೂಡಿಸುತ್ತಾರೆ.

ಒಂದು ಉದಾಹರಣೆಯನ್ನು ನೋಡೋಣ. ಸುಂಕದ ರಸ್ತೆಯಲ್ಲಿ 60 ನಿಮಿಷ, ಸುಂಕ 100 ರೂಪಾಯಿ. ಸುಂಕವಿಲ್ಲದ ರಸ್ತೆಯಲ್ಲಿ 90 ನಿಮಿಷ ಎಂದಿಟ್ಟುಕೊಳ್ಳಿ. ಗಂಟೆಯ ಬೆಲೆ 300 ರೂಪಾಯಿಯಾದವನಿಗೆ ಆ ಸುಂಕ 20 ನಿಮಿಷಕ್ಕೆ ಸಮ, ಒಟ್ಟು 80. ಅವನು ಸುಂಕ ತೆತ್ತು ಹೋಗುತ್ತಾನೆ. ಗಂಟೆಯ ಬೆಲೆ 100 ರೂಪಾಯಿಯಾದವನಿಗೆ ಅದೇ ಸುಂಕ 60 ನಿಮಿಷ, ಒಟ್ಟು 120. ಅವನು ಇನ್ನೊಂದು ರಸ್ತೆಯನ್ನು ಹಿಡಿಯುತ್ತಾನೆ. ಇಬ್ಬರಿಗೂ ಸರಾಸರಿ 200 ರೂಪಾಯಿಯೆಂದು ಹಿಡಿದರೋ, ಎರಡು ರಸ್ತೆಗಳೂ 90ಕ್ಕೆ ಸಮವಾಗಿಬಿಡುತ್ತವೆ! ಇಬ್ಬರಲ್ಲಿ ಒಬ್ಬನ ಮಟ್ಟಿಗೂ ಅದು ನಿಜವಲ್ಲ. ಆದಕಾರಣ ಪ್ರಯಾಣಿಕರನ್ನು ವರ್ಗಗಳಾಗಿ ವಿಂಗಡಿಸಿ, ಒಂದೊಂದು ವರ್ಗಕ್ಕೂ ಬೇರೆ ಬೆಲೆಯನ್ನು ಇಟ್ಟುಕೊಳ್ಳಬೇಕಾಗುತ್ತದೆ.

2023ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು–ನಿಡಘಟ್ಟ ಹೆದ್ದಾರಿಗೆ ಸುಂಕ ಬಂದಾಗ, ಮದ್ದೂರಿನಿಂದ ಎಳನೀರು ಸಾಗಿಸುವ ನನ್ನ ತಂದೆಯವರು ಟೆಂಪೋವನ್ನು ಪಕ್ಕದ ಸರ್ವಿಸ್ ರಸ್ತೆಗೆ ಇಳಿಸಿದರು. ರಾತ್ರಿ ತಡವಾಗಿ ಮನೆಗೆ ಬರುತ್ತಿದ್ದರು. ಅದನ್ನು ಜಿಪುಣತನವೆಂದು ನಾನು ನಕ್ಕಿದ್ದುಂಟು. ಶಾಲೆಯ ಮೆಟ್ಟಿಲು ಹತ್ತದ ಅವರು ಮೇಲಿನ ಲೆಕ್ಕವನ್ನೇ ಮನಸ್ಸಿನಲ್ಲಿ ಮಾಡಿದ್ದರೆಂಬುದು ನನಗೆ ತಿಳಿದದ್ದು ಬಿ.ಎ. ತರಗತಿಗೆ ಬಂದ ಮೇಲೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಬಡವನ ಗಂಟೆಗೆ ಕಡಿಮೆ ಬೆಲೆಯೆಂದರೆ ಅವನಿಗೆ ಹೊತ್ತಿನ ಬೆಲೆ ತಿಳಿಯದೆಂದಲ್ಲ. ಕೈಯಲ್ಲಿರುವ ನೂರು ರೂಪಾಯಿ ಅವನಿಗೆ ಹೆಚ್ಚಿನದೆಂದು ಅರ್ಥ. ಯಾರು ಯಾವ ರಸ್ತೆಯಲ್ಲಿ ಹೋಗುವರೆಂದು ಊಹಿಸಲು ಈ ಬೇರೆಬೇರೆ ಬೆಲೆಗಳು ಬೇಕು. ಆದರೆ ಯಾವ ರಸ್ತೆಯನ್ನು ದುರಸ್ತಿ ಮಾಡಬೇಕೆಂದು ತೀರ್ಮಾನಿಸುವಾಗಲೂ ಅವನ್ನೇ ಬಳಸಿದರೆ, ಬಡವರು ಹೋಗುವ ದಾರಿಯಲ್ಲಿ ಉಳಿಯುವ ಅರ್ಧ ಗಂಟೆ ಅಗ್ಗವೆನಿಸುತ್ತದೆ. ಆ ದಾರಿಯ ಗುಂಡಿಗಳು ಹಾಗೆಯೇ ಉಳಿಯುತ್ತವೆ. ಮನೆಯಲ್ಲಿ ಕಾಯುತ್ತಿರುವವರಿಗೆ ಮಾತ್ರ ಆ ಅರ್ಧ ಗಂಟೆ ಎಲ್ಲರ ಅರ್ಧ ಗಂಟೆಯಷ್ಟೇ ಉದ್ದ.