ಮುಳ್ಳಿನ ಸುಳ್ಳು ಹಿಡಿಯುವವರು

ಶರಾವತಿಯು ಕಡಲನ್ನು ಸೇರುವ ಹೊನ್ನಾವರದಿಂದ ಹೊರಟು, ಘಟ್ಟವನ್ನೇರಿ, ಮಲೆನಾಡನ್ನು ದಾಟಿ, ಹುಳಿಯಾರು ಬುಕ್ಕಾಪಟ್ಟಣಗಳ ಮೇಲೆ ಹಾದುಬರುವ 69ನೆಯ ರಾಷ್ಟ್ರೀಯ ಹೆದ್ದಾರಿಯು ಶಿರಾದಲ್ಲಿ ಬೆಂಗಳೂರು–ಪುಣೆ ಹೆದ್ದಾರಿಯನ್ನು ಸಂಧಿಸಿ, ಬಳಿಕ ಮಧುಗಿರಿಯ ಏಕಶಿಲಾದುರ್ಗದತ್ತ ಸಾಗುತ್ತದೆ. 1687ರಲ್ಲಿ ಮೊಗಲರು ಈ ಶಿರಾವನ್ನು ತಮ್ಮ ಸುಬೆಯೊಂದರ ರಾಜಧಾನಿಯಾಗಿ ಆರಿಸಿಕೊಂಡದ್ದನ್ನೂ ಮಲಿಕ್ ರಿಹಾನನ ಗೋರಿಯ ಅಂದವನ್ನೂ ವರ್ಣಿಸಿದ ಲೇಖನಗಳು ಬೇಕಾದಷ್ಟಿವೆ. ಅದೇ ಊರಿನ ಹೆದ್ದಾರಿಯ ಅಂಚಿನಲ್ಲಿ, ಬ್ಯಾಟರಿ ಡೈನಮೊಗಳ ರಾಶಿಯ ನಡುವೆ ಕುಳಿತು, ಲಾರಿ ಟ್ರ್ಯಾಕ್ಟರುಗಳ ಡೀಸೆಲ್ ಮುಳ್ಳು ಹೇಳುವ ಸುಳ್ಳನ್ನು ಪತ್ತೆಹಚ್ಚುವ ಆಟೋ ಎಲೆಕ್ಟ್ರಿಷಿಯನ್ನರ ವಿದ್ಯೆಯನ್ನು ಕುರಿತು ಬರೆದವರು ವಿರಳ.

ಹೊನ್ನಾವರದ ಹೆಸರನ್ನು ಎತ್ತಿದ್ದು ಸುಮ್ಮನೆ ಅಲ್ಲ. ಶಿರಾದ ಸೀಮೆಯಲ್ಲಿ ಇಂಜಿನ್ ದೋಣಿಗೆ ಕೆಲಸವಿಲ್ಲ; ಕೊರಟಗೆರೆಯ ಜಯಮಂಗಲಿಯೂ ಪಾವಗಡದ ಕಡೆಯ ಉತ್ತರ ಪಿನಾಕಿನಿಯೂ ವರ್ಷದ ಬಹುಭಾಗ ಮರಳನ್ನೇ ಹೊತ್ತು ಮಲಗಿರುತ್ತವೆ. ಆದರೂ ಕರಾವಳಿಯ ದೋಣಿಯ ಟ್ಯಾಂಕಿನಲ್ಲಿ ತೇಲುವ ಫ್ಲೋಟು, ಶಿರಾದ ಲಾರಿಯ ಟ್ಯಾಂಕಿನಲ್ಲಿ ತೇಲುವ ಫ್ಲೋಟು ಎರಡೂ ಒಂದೇ ವಂಶಕ್ಕೆ ಸೇರಿದವು. ಅವುಗಳ ರೋಗವೂ ಒಂದೇ, ಚಿಕಿತ್ಸೆಯ ಕ್ರಮವೂ ಒಂದೇ.

ಮುಳ್ಳನ್ನು ನಂಬಿ ಕೆಟ್ಟವನ ಪಾಡು ಬರಿಯ ನಿಲುಗಡೆಯಿಂದ ಮುಗಿಯುವುದಿಲ್ಲ. ಡೀಸೆಲ್ ಪೂರಾ ಮುಗಿದರೆ ಕೊಳವೆಗೆ ಗಾಳಿ ಹೊಕ್ಕು, ಆಮೇಲೆ ಕ್ಯಾನಿನಲ್ಲಿ ಡೀಸೆಲ್ ತಂದು ಸುರಿದರೂ ಇಂಜಿನ್ ಹತ್ತದು. ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತಿ, ಗುಳ್ಳೆ ನಿಲ್ಲುವವರೆಗೂ ಏರ್ ತೆಗೆಯಬೇಕು.

ಯಂತ್ರದ ರಚನೆ ಸರಳ. ಟ್ಯಾಂಕಿನೊಳಗೆ ಒಂದು ತೋಳು. ಅದರ ತುದಿಯಲ್ಲಿ ಫ್ಲೋಟು, ಬುಡದಲ್ಲಿ ನವುರಾದ ತಂತಿಯ ಸುರುಳಿಯ ಮೇಲೆ ಜಾರುವ ಒಂದು ಸ್ಪರ್ಶಕ. ಇವೆಲ್ಲ ಕೂಡಿದ್ದೇ ಯೂನಿಟ್. ಎಣ್ಣೆ ಇಳಿದಂತೆ ಫ್ಲೋಟು ಇಳಿದು, ವಿದ್ಯುತ್ತಿಗೆ ಎದುರಾಗುವ ರೋಧವು ಬದಲಾಗಿ, ಆ ಬದಲಾವಣೆಯನ್ನೇ ಮುಂದಿನ ಗೇಜಿನ ಮುಳ್ಳು ನಮಗೆ ಕಾಣಿಸುತ್ತದೆ. ಅಮೆರಿಕದ ಪದ್ಧತಿಯ ಯೂನಿಟ್ಟಿನಲ್ಲಿ ಖಾಲಿ ಟ್ಯಾಂಕಿಗೆ 240 ಓಮ್, ತುಂಬಿದ್ದಕ್ಕೆ 33. ಯೂರೋಪಿನದರಲ್ಲಿ ತದ್ವಿರುದ್ಧವಾಗಿ ಖಾಲಿಗೆ 10, ತುಂಬಿದ್ದಕ್ಕೆ 180. ಒಂದರ ಯೂನಿಟ್ಟಿಗೆ ಇನ್ನೊಂದರ ಗೇಜನ್ನು ಗಂಟುಹಾಕಿದರೆ ತುಂಬಿದ ಟ್ಯಾಂಕು ಬರಿದೆಂದು ತೋರುವುದು. ಅಗ್ಗದ ಬಿಡಿಭಾಗಕ್ಕೆ ಆಸೆಪಟ್ಟವರಿಗೆ ಈ ಅನುಭವ ಹೊಸತಲ್ಲ.

ಕುಶಲನಾದ ಕೆಲಸಗಾರನು ಟ್ಯಾಂಕಿಗೆ ಮೊದಲು ಕೈಹಚ್ಚುವುದಿಲ್ಲ. ಕೀಲಿ ತಿರುಗಿಸಿ, ಯೂನಿಟ್ಟಿನ ತಲೆಯಿಂದ ತಂತಿಯನ್ನು ಬಿಚ್ಚಿ, ಹುಡುಗನೊಬ್ಬನನ್ನು ಕ್ಯಾಬಿನಿನಲ್ಲಿ ಮುಳ್ಳು ನೋಡಲು ಕೂರಿಸುತ್ತಾನೆ. ಮುಳ್ಳು ಒಂದು ತುದಿಗೆ ಸರಿಯಬೇಕು. ಬಿಚ್ಚಿದ ತಂತಿಯನ್ನು ಛಾಸಿಯ ಬೋಳು ಲೋಹಕ್ಕೆ ಒಂದು ಗಳಿಗೆ ತಾಕಿಸುತ್ತಾನೆ. ಮುಳ್ಳು ಇನ್ನೊಂದು ತುದಿಗೆ ಹೋಗಬೇಕು. ಎರಡೂ ನಡೆದರೆ ಗೇಜು ನಿರ್ದೋಷಿ, ನಡುವಣ ತಂತಿಯೂ ನಿರ್ದೋಷಿ. ಅಪರಾಧವು ಯೂನಿಟ್ಟಿನದು, ಇಲ್ಲವೇ ಅದರ ಅರ್ತಿನದು, ಅಂದರೆ ಛಾಸಿಯೊಡನೆ ಅದಕ್ಕಿರುವ ವಿದ್ಯುತ್ ಸಂಪರ್ಕದ್ದು. ನಡೆಯದಿದ್ದರೆ ಟೆಸ್ಟ್ ಲ್ಯಾಂಪ್ ಹಿಡಿದು ಗೇಜಿನ ಬೆನ್ನಿಗೆ ಕರೆಂಟು ಬರುತ್ತಿದೆಯೇ ಎಂದು ನೋಡುವುದು. ನಮ್ಮ ತಾರ್ಕಿಕರು ಅನ್ವಯ-ವ್ಯತಿರೇಕಗಳೆಂದು ಹೆಸರಿಟ್ಟು ಶತಮಾನಗಳ ಕಾಲ ಚರ್ಚಿಸಿದ ನ್ಯಾಯವು ಇಲ್ಲಿ ಗ್ರೀಸು ಮೆತ್ತಿದ ಕೈಗಳಲ್ಲಿ ಎರಡು ನಿಮಿಷದೊಳಗೆ ನಡೆದುಹೋಗುತ್ತದೆ ಎಂಬುದು ನನ್ನ ಮಟ್ಟಿಗೆ ಈ ವಿದ್ಯೆಯ ಹಿರಿಮೆ. ನೋಡಿದೊಡನೆ ಹೊಸ ಯೂನಿಟ್ ಹಾಕಿಬಿಡುವವನನ್ನು ನಾನು ಕೆಲಸಗಾರನೆನ್ನಲಾರೆ, ವ್ಯಾಪಾರಿಯೆನ್ನುವೆನು. ಪೆಟ್ರೋಲ್ ಗಾಡಿಯಾದರೆ ತಂತಿ ತಾಕಿಸುವ ಸ್ಥಳವು ಟ್ಯಾಂಕಿನ ಬಾಯಿಂದ ದೂರವಿರಬೇಕು, ಕಿಡಿಯೊಂದು ಸಾಕು.

ಎಲ್ಲಕ್ಕಿಂತ ಮೊದಲು ಸಂದೇಹಪಡತಕ್ಕದ್ದು ಅರ್ತನ್ನು. ಧೂಳು, ತುಕ್ಕು, ಬಣ್ಣ ಇವು ಟ್ಯಾಂಕಿಗೂ ಛಾಸಿಗೂ ನಡುವೆ ಅಡ್ಡ ನಿಂತು ಎಷ್ಟೋ ಒಳ್ಳೆಯ ಯೂನಿಟ್ಟುಗಳಿಗೆ ಕೆಟ್ಟ ಹೆಸರು ತಂದಿವೆ; ಉಪ್ಪುಕಾಗದದಿಂದ ಉಜ್ಜಿದರೆ ಮುಗಿಯಿತು. ಕಡಲಿನಲ್ಲಿ ಇದೇ ಕೇಡನ್ನು ಉಪ್ಪುಗಾಳಿಯು ತಾಮ್ರದ ತಂತಿಗೆ ಹಸಿರು ಕಿಲುಬು ಹಿಡಿಸಿ ಮಾಡುತ್ತದೆ. ಪ್ಲಾಸ್ಟಿಕ್ ಟ್ಯಾಂಕಿನ ದೋಣಿಯಲ್ಲಂತೂ ಅರ್ತಿಗೆ ಪ್ರತ್ಯೇಕ ತಂತಿಯನ್ನೇ ಎಳೆಯಬೇಕು.

ಯೂನಿಟ್ ಬಿಚ್ಚಿದ ಮೇಲೆ ಕಿವಿಗೂ ಕೆಲಸವುಂಟು. ಫ್ಲೋಟನ್ನು ಅಲುಗಿಸಿದಾಗ ಒಳಗೆ ಎಣ್ಣೆ ಕುಲುಕಿದರೆ ಅದು ತೂತಾಗಿದೆಯೆಂದು ಅರ್ಥ. ಮುಳುಗಿದ ಫ್ಲೋಟು ಸದಾ ಖಾಲಿಯೆಂದೇ ಸಾರುವುದು. ಮೀಟರು ಹಚ್ಚಿ ತೋಳನ್ನು ಮೆಲ್ಲನೆ ಎತ್ತಿದಾಗ ಓಮಿನ ಅಂಕಿ ಒಂದೆಡೆ ಹಾರಿದರೆ ಅಲ್ಲಿ ಸುರುಳಿಯು ಸವೆದಿದೆ. ಹಳೆಯ ಗಾಡಿಗಳಲ್ಲಿ ಡೀಸೆಲ್ ಮುಳ್ಳೂ ಇಂಜಿನ್ನಿನ ಉಷ್ಣತೆಯ ಮುಳ್ಳೂ ಒಟ್ಟಿಗೇ ಕೆಟ್ಟರೆ ಟ್ಯಾಂಕಿನ ಗೊಡವೆಯೇ ಬೇಡ. ಎರಡಕ್ಕೂ ಕರೆಂಟನ್ನು ಹದಮಾಡಿ ಕಳಿಸುವ ಪುಟ್ಟ ಸ್ಟೆಬಿಲೈಸರು ಸತ್ತಿರುವುದು ಬಹುಮಟ್ಟಿಗೆ ನಿಶ್ಚಿತ. ಈಚಿನ ಗಾಡಿಗಳಲ್ಲಿ ಸಂಕೇತವು ಗಣಕದ ಮೂಲಕ ಹಾದುಬರುವುದರಿಂದ ತಂತಿ ತಾಕಿಸುವ ವಿದ್ಯೆ ಅಲ್ಲಿ ಸಲ್ಲದು.

ಇಷ್ಟೆಲ್ಲ ಸರಿಪಡಿಸಿದ ಮೇಲೂ, ಮುಳ್ಳು ತೋರಿದ್ದಕ್ಕಿಂತ ಬೇಗ ಎಣ್ಣೆ ತೀರುತ್ತದೆಂದು ದೂರು ಹೊತ್ತು ಬರುವ ಡ್ರೈವರುಗಳುಂಟು. ಅಡ್ಡ ಮಲಗಿದ ದುಂಡು ಟ್ಯಾಂಕಿನಲ್ಲಿ ಎಣ್ಣೆ ಕಾಲುಭಾಗದ ಎತ್ತರಕ್ಕೆ ಇಳಿದಾಗ ಉಳಿದಿರುವುದು ಕಾಲಲ್ಲ, ಸುಮಾರು ಐದರಲ್ಲೊಂದು ಪಾಲು. ಕೆಳಕ್ಕೆ ಕಿರಿದಾಗುವ ದೋಣಿಯ ಟ್ಯಾಂಕಿನಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಅದು ಟ್ಯಾಂಕಿನ ಆಕಾರದ ಗುಣವಾದ್ದರಿಂದ ಅಂಗಡಿಯಲ್ಲಿ ಅದಕ್ಕೆ ದುರಸ್ತಿಯಿಲ್ಲ. ರಾತ್ರಿ ಹೊತ್ತಿನಲ್ಲಿ ಮಧುಗಿರಿಯಿಂದ ಪಾವಗಡದ ದಾರಿ ಹಿಡಿಯುವವನು ಮುಳ್ಳು ಕಾಲಿಗೆ ಬರುವ ಮುಂಚೆಯೇ ಬಂಕಿನತ್ತ ತಿರುಗುವುದು ಲೇಸು.